ಪೂರ್ತಿ ಸಾಲ ತೀರಿಸಿದ ದೇಶ: ರೊಮೇನಿಯಾ, 1981–1989

ವಿದೇಶಿ ಸಾಲ ಅಂದ ಕೂಡಲೇ ನಮಗೆ ನೆನಪಾಗುವುದು ಕಟ್ಟಲಾಗದೆ ಕೈಚೆಲ್ಲಿದ ದೇಶಗಳು. 1982ರ ಮೆಕ್ಸಿಕೊ, 2001ರ ಅರ್ಜೆಂಟೀನಾ, 2022ರ ಶ್ರೀಲಂಕಾ. ಇಲ್ಲಿ ಎತ್ತಿಕೊಂಡಿರುವುದು ಅದಕ್ಕೆ ತೀರಾ ಉಲ್ಟಾ ಪ್ರಕರಣ. ರೊಮೇನಿಯಾ 1980ರ ದಶಕದಲ್ಲಿ ತನ್ನ ವಿದೇಶಿ ಸಾಲವನ್ನು ಅಸಲು, ಬಡ್ಡಿ ಸಮೇತ ಹೆಚ್ಚುಕಮ್ಮಿ ಪೂರ್ತಿ ತೀರಿಸಿತು. ಅದರಲ್ಲಿ ಒಂದಷ್ಟನ್ನು ವಾಯಿದೆಗೂ ಮುಂಚೆಯೇ ಕಟ್ಟಿತು. 1989ರ ಏಪ್ರಿಲ್‌ನಲ್ಲಿ ಅಧ್ಯಕ್ಷ ನಿಕೊಲಾಯ್ ಚೌಷೆಸ್ಕು ಪಕ್ಷದ ಕೇಂದ್ರ ಸಮಿತಿಯ ಮುಂದೆ ಇದನ್ನು ಹೆಮ್ಮೆಯಿಂದ ಘೋಷಿಸಿದ. ಇನ್ನು ಮುಂದೆ ಹೊರಗಿನಿಂದ ಸಾಲವನ್ನೇ ತರಬಾರದು ಅಂತ ಕಾನೂನೂ ಬಂತು. ಎಂಟು ತಿಂಗಳಲ್ಲಿ ಆ ಸರ್ಕಾರ ಬಿತ್ತು. ಡಿಸೆಂಬರ್ 25ರಂದು ಚೌಷೆಸ್ಕುವನ್ನು ಗುಂಡಿಟ್ಟು ಕೊಂದರು.

ರಾಜಕೀಯದ ಕಥೆ ಬಹಳ ಜನರಿಗೆ ಗೊತ್ತು. ನನಗೆ ಕುತೂಹಲ ಇರುವುದು ಲೆಕ್ಕದ ಭಾಗದಲ್ಲಿ. ಸಾಲ ತೀರಿದರೆ ದೇಶ ಹಗುರಾಗಬೇಕು, ಬಡ್ಡಿಗೆ ಹೋಗುತ್ತಿದ್ದ ಹಣ ಬಂಡವಾಳವಾಗಬೇಕು, ಉತ್ಪಾದನೆ ಏರಬೇಕು. ಪುಸ್ತಕದ ಪ್ರಕಾರ ಹಾಗೇ ಅಲ್ವಾ? ರೊಮೇನಿಯಾದಲ್ಲಿ ಸಾಲ ಸೊನ್ನೆಯಾದ ಹೊತ್ತಿಗೆ ಕಾರ್ಖಾನೆಗಳು ಒಂದು ದಶಕ ಹಿಂದೆ ಬಿದ್ದಿದ್ದವು.

ಸಾಲ ಬಂದ ದಾರಿ

ಚೌಷೆಸ್ಕು ಅಧಿಕಾರಕ್ಕೆ ಬಂದದ್ದು 1965ರಲ್ಲಿ. 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಆತ ಅದನ್ನು ಬಹಿರಂಗವಾಗಿ ಟೀಕಿಸಿದ. ಪಶ್ಚಿಮದ ದೇಶಗಳಿಗೆ ಇಂಥವನೊಬ್ಬ ಬೇಕಾಗಿದ್ದ. ಬಾಗಿಲುಗಳು ತಾವಾಗಿ ತೆರೆದವು. 1972ರಲ್ಲಿ ರೊಮೇನಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್ ಸೇರಿತು. ಸೋವಿಯತ್ ನೇತೃತ್ವದ ಆರ್ಥಿಕ ಕೂಟದ ದೇಶಗಳಲ್ಲಿ ಹಾಗೆ ಸೇರಿದ್ದು ಅದೇ ಮೊದಲು. ವಿಶ್ವಬ್ಯಾಂಕ್ ಸಾಲ ಕೊಟ್ಟಿತು, ಪಶ್ಚಿಮದ ಖಾಸಗಿ ಬ್ಯಾಂಕುಗಳೂ ಕೊಟ್ಟವು. ತೈಲ ರಾಷ್ಟ್ರಗಳ ಡಾಲರ್ ಬ್ಯಾಂಕುಗಳಲ್ಲಿ ತುಂಬಿ ತುಳುಕುತ್ತಿದ್ದ ಕಾಲ ಅದು. ಸಾಲ ಕೇಳುವವರಿಗಿಂತ ಕೊಡುವವರಿಗೇ ಅವಸರ ಜಾಸ್ತಿ ಇತ್ತು.

ಬಂದ ಹಣ ಉಕ್ಕು, ಪೆಟ್ರೋಕೆಮಿಕಲ್, ಯಂತ್ರೋಪಕರಣದಂಥ ಭಾರಿ ಕೈಗಾರಿಕೆಗೆ ಹೋಯಿತು. ಇದರಲ್ಲಿ ತೈಲ ಸಂಸ್ಕರಣಾಗಾರಗಳ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಂದಿನ ಎಡವಟ್ಟೆಲ್ಲ ಅಲ್ಲೇ ಶುರುವಾಗುತ್ತದೆ.

ರೊಮೇನಿಯಾ ಹಳೆಯ ತೈಲ ದೇಶ. ಪ್ಲೊಯೆಷ್ಟಿ ಊರಿನ ತೈಲ ಸಂಸ್ಕರಣಾಗಾರಗಳ ಮೇಲೆ ಎರಡನೇ ಮಹಾಯುದ್ಧದಲ್ಲಿ ಬಾಂಬುಗಳೇ ಬಿದ್ದಿದ್ದವು. ಆದರೆ ಅದರ ಸ್ವಂತ ಕಚ್ಚಾ ತೈಲ 1976ರ ಸುಮಾರಿಗೆ ವರ್ಷಕ್ಕೆ ಒಂದೂವರೆ ಕೋಟಿ ಟನ್ ಹತ್ತಿರ ತಲುಪಿ, ಅಲ್ಲಿಂದ ಇಳಿಯತೊಡಗಿತು. ಸರ್ಕಾರ ಮಾತ್ರ ಅದರ ಎರಡು ಪಟ್ಟು ಸಂಸ್ಕರಿಸುವಷ್ಟು ಸ್ಥಾವರಗಳನ್ನು ಕಟ್ಟುತ್ತಾ ಹೋಯಿತು. ಹೊರಗಿನ ಕಚ್ಚಾ ತೈಲ ತಂದು, ಪೆಟ್ರೋಲು, ಡೀಸೆಲ್ ಮಾಡಿ ಪಶ್ಚಿಮಕ್ಕೆ ಮಾರುವುದು, ನಡುವಿನ ಲಾಭದಲ್ಲಿ ಸಾಲ ಕಟ್ಟುವುದು ಅನ್ನುವುದು ಯೋಜನೆ. ಕಾಗದದ ಮೇಲೆ ತಪ್ಪೇನಿರಲಿಲ್ಲ. ಆದರೆ ನೆರೆಯ ದೇಶಗಳಿಗೆ ಸೋವಿಯತ್ ಒಕ್ಕೂಟದಿಂದ ಅಗ್ಗದ ತೈಲ ಸಿಗುತ್ತಿತ್ತು. ಮಾಸ್ಕೊಗೆ ಎದುರು ಮಾತಾಡುತ್ತಿದ್ದ ರೊಮೇನಿಯಾಕ್ಕೆ ಆ ಅನುಕೂಲ ಇರಲಿಲ್ಲ. ಅದು ಇರಾನಿನಂಥ ದೇಶಗಳಿಂದ ಕೊಳ್ಳಬೇಕಾಗಿತ್ತು.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಕಚ್ಚಾ ತೈಲದ ಬೆಲೆ ಎರಡು ವರ್ಷದೊಳಗೆ ಎರಡು ಪಟ್ಟಿಗೂ ಮೇಲೆ ಹೋಯಿತು. ಸಂಸ್ಕರಣೆಯ ಲಾಭ ಮಾಯವಾಯಿತು. ಸ್ಥಾವರಕ್ಕೆ ಮಾಡಿದ ಸಾಲ ಮಾತ್ರ ಉಳಿಯಿತು. ಇದಕ್ಕೂ ಮುಂಚೆ, 1977ರ ಮಾರ್ಚ್ 4ರ ಭೂಕಂಪದಲ್ಲಿ ಸುಮಾರು 1,500 ಜನ ಸತ್ತಿದ್ದರು. ರಾಜಧಾನಿ ಬುಕಾರೆಸ್ಟ್‌ನ ಎಷ್ಟೋ ಕಟ್ಟಡಗಳು ನೆಲಕಚ್ಚಿದ್ದವು. ಮತ್ತೆ ಕಟ್ಟಲು ಬೇರೆ ಖರ್ಚು.

ಆಮೇಲೆ ಬಡ್ಡಿ. ಹಣದುಬ್ಬರ ಹಿಡಿಯಲು ಅಮೆರಿಕ ಬಡ್ಡಿ ಏರಿಸಿತು. 1981ರಲ್ಲಿ ಅಲ್ಲಿನ ಬ್ಯಾಂಕುಗಳ ನಡುವಿನ ದರ ಶೇ 19ನ್ನೂ ದಾಟಿತ್ತು. ಖಾಸಗಿ ಬ್ಯಾಂಕುಗಳಿಂದ ತಂದ ಸಾಲಗಳಲ್ಲಿ ಬಹಳಷ್ಟು ಮಾರುಕಟ್ಟೆಯ ದರದ ಜೊತೆ ಏರಿಳಿಯುವಂಥವು. ಅಂದರೆ ರೊಮೇನಿಯಾ ಒಂದು ಡಾಲರ್ ಹೊಸ ಸಾಲ ತರದಿದ್ದರೂ ಕಟ್ಟಬೇಕಾದ ಕಂತು ಏರುತ್ತಿತ್ತು. ಅದೇ ವರ್ಷ ಪೋಲೆಂಡ್ ತನ್ನ ಸಾಲ ಕಟ್ಟಲಾಗದೆ ಕೈಯೆತ್ತಿತು. ಬ್ಯಾಂಕುಗಳು ಬೆದರಿ ಇಡೀ ಪೂರ್ವ ಯೂರೋಪಿಗೆ ಹೊಸ ಸಾಲ ನಿಲ್ಲಿಸಿದವು. ಹಳೆಯ ಕಂತನ್ನು ಹೊಸ ಸಾಲದಿಂದ ಕಟ್ಟುವ ದಾರಿ ಒಮ್ಮೆಲೇ ಮುಚ್ಚಿತು.

1981ರಲ್ಲಿ ರೊಮೇನಿಯಾದ ಒಟ್ಟು ವಿದೇಶಿ ಸಾಲ ಸುಮಾರು 1,000 ಕೋಟಿ ಡಾಲರ್. ಜನಸಂಖ್ಯೆ ಎರಡು ಕಾಲು ಕೋಟಿ ಹತ್ತಿರ. ತಲೆಗೆ 450 ಡಾಲರ್ ಆಸುಪಾಸು. ಪೋಲೆಂಡಿನ ಸಾಲ ಇದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಈ ಅಂಕಿಯನ್ನು ಮನಸ್ಸಿನಲ್ಲಿಡಿ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಸಾಲ ದೊಡ್ಡದಾಗಿರಲಿಲ್ಲ, ಅವಸರ ದೊಡ್ಡದಾಗಿತ್ತು.

ತೀರಿಸುವ ಹಟ

ಮೊದಲು ರೊಮೇನಿಯಾ ಎಲ್ಲರಂತೆಯೇ ನಡೆದುಕೊಂಡಿತು. 1981ರಲ್ಲಿ ಐಎಂಎಫ್ ಜೊತೆ ಮೂರು ವರ್ಷದ ಸಾಲದ ಒಪ್ಪಂದ ಮಾಡಿಕೊಂಡಿತು. 1982 ಮತ್ತು 1983ರಲ್ಲಿ ಸಾಲ ಕೊಟ್ಟ ದೇಶಗಳು, ಬ್ಯಾಂಕುಗಳ ಜೊತೆ ಕೂತು ವಾಯಿದೆ ಮುಂದೂಡಿಸಿಕೊಂಡಿತು. ಆದರೆ ಸಾಲ ಕೊಟ್ಟವರು ಲೆಕ್ಕ ಕೇಳಿದರು, ಬೆಲೆ ಏರಿಸಿ ಅಂದರು, ಖರ್ಚು ಇಳಿಸಿ ಅಂದರು. ಚೌಷೆಸ್ಕುಗೆ ಇದು ಅವಮಾನ. ಮಾಸ್ಕೊದ ಮಾತನ್ನೇ ಕೇಳದವನು ವಾಷಿಂಗ್ಟನ್ನಿನ ಮಾತು ಕೇಳುವನೇ? 1982ರ ಕೊನೆಗೆ ತೀರ್ಮಾನ ಆಯಿತು: ದಶಕ ಮುಗಿಯುವುದರೊಳಗೆ ಸಾಲ ಪೂರ್ತಿ ತೀರಿಸಬೇಕು. ಐಎಂಎಫ್ ಒಪ್ಪಂದವನ್ನು ಅವಧಿ ಮುಗಿಯುವ ಮುಂಚೆಯೇ ಬಿಟ್ಟುಬಿಟ್ಟರು.

ಇಲ್ಲಿ ಒಂದು ಮೂಲಭೂತ ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ವಿದೇಶಿ ಸಾಲ ಕಟ್ಟಬೇಕಾದದ್ದು ಡಾಲರಿನಲ್ಲಿ. ರೊಮೇನಿಯಾ ತನ್ನ ನಾಣ್ಯವಾದ ಲೇಯಿಯನ್ನು ಎಷ್ಟು ಬೇಕಾದರೂ ಅಚ್ಚು ಹಾಕಬಹುದು, ಡಾಲರ್ ಹಾಕಲಾಗದು. ಹೊಸ ಸಾಲ ಸಿಗದಿದ್ದಾಗ ಡಾಲರ್ ಉಳಿಯಬೇಕಾದರೆ ರಫ್ತು ಆಮದಿಗಿಂತ ಜಾಸ್ತಿ ಇರಬೇಕು. ಇದಕ್ಕೆ ಎರಡು ದಾರಿ. ರಫ್ತು ಬೆಳೆಸುವುದು ನಿಧಾನದ ಕೆಲಸ. ಒಳ್ಳೆಯ ಸರಕು ಬೇಕು, ಕೊಳ್ಳುವವರು ಬೇಕು. ಆಮದು ಕತ್ತರಿಸುವುದಕ್ಕೆ ಒಂದು ಆದೇಶ ಸಾಕು. ಅವಸರದಲ್ಲಿರುವ ದೇಶ ಯಾವಾಗಲೂ ಎರಡನೆಯದನ್ನೇ ಹಿಡಿಯುತ್ತದೆ.

ಬೆಳೆಯುತ್ತಿರುವ ದೇಶವೊಂದು ಆಮದು ಮಾಡಿಕೊಳ್ಳುವುದು ಏನನ್ನು? ಶೋಕಿ ಸಾಮಾನು ಸ್ವಲ್ಪವೇ. ಬಹುಪಾಲು ಕಚ್ಚಾ ತೈಲ, ಅದಿರು, ಪಶು ಆಹಾರ, ಯಂತ್ರ, ಬಿಡಿಭಾಗ. ಅಂದರೆ ಮುಂದಿನ ವರ್ಷದ ಉತ್ಪಾದನೆಗೆ ಬೇಕಾದ ಸಾಮಗ್ರಿ. ಅದನ್ನು ಕತ್ತರಿಸಿ ಕಂತು ಕಟ್ಟುವುದೆಂದರೆ ಬಿತ್ತನೆ ಬೀಜ ಮಾರಿ ಸಾಲ ತೀರಿಸಿದ ಹಾಗೆ.

ಡಾಲರ್ ಎಲ್ಲಿಂದ ಹುಟ್ಟಿತು

ಪಶ್ಚಿಮದಿಂದ ಬರುವ ಆಮದು ಎರಡು ಮೂರು ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ರಫ್ತು ಅಷ್ಟೇನೂ ಏರಲಿಲ್ಲ. ಆದರೂ ದಶಕದ ಮಧ್ಯದ ವರ್ಷಗಳಲ್ಲಿ ವರ್ಷಕ್ಕೆ 150 ಕೋಟಿ ಡಾಲರಿಗೂ ಮೇಲೆ ಉಳಿಯತೊಡಗಿತು. ಆ ಉಳಿತಾಯ ಹುಟ್ಟಿದ್ದು ಎಲ್ಲಿ ಅಂತ ನೋಡಲು ಅಡುಗೆಮನೆಗೆ ಹೋಗಬೇಕು.

ರೊಮೇನಿಯಾದ ಮಾಂಸ, ಬೆಣ್ಣೆ, ಧಾನ್ಯ, ಹಣ್ಣು ಡಾಲರ್ ತರುತ್ತಿದ್ದವು. ಹಾಗಾಗಿ ಅವು ಹೊರಗೆ ಹೋದವು. 1981ರಲ್ಲೇ ಬ್ರೆಡ್ಡಿಗೆ ರೇಷನ್ ಬಂತು. ಒಂದು ತಿಂಗಳಿಗೆ ಬೇಕಾದದ್ದಕ್ಕಿಂತ ಜಾಸ್ತಿ ಆಹಾರ ಮನೆಯಲ್ಲಿ ಕೂಡಿಟ್ಟರೆ ಜೈಲು ಅಂತ ಆದೇಶ ಹೊರಟಿತು. ಆಮೇಲೆ ಸಕ್ಕರೆ, ಅಡುಗೆ ಎಣ್ಣೆಯೂ ರೇಷನ್ನಿಗೆ ಬಂದವು. ತಿಂಗಳಿಗೆ ಒಬ್ಬರಿಗೆ ಒಂದು ಕಿಲೋ ಸಕ್ಕರೆ, ಒಂದು ಲೀಟರ್ ಎಣ್ಣೆ ಅನ್ನುವುದು ಬಹಳ ಕಡೆ ಇದ್ದ ಅಳತೆ, ಊರಿಂದ ಊರಿಗೆ ಬದಲಾಗುತ್ತಿತ್ತು. ಜನ ಇಷ್ಟು ಕ್ಯಾಲೊರಿ ತಿಂದರೆ ಸಾಕು ಅಂತ ಸರ್ಕಾರ ‘ವೈಜ್ಞಾನಿಕ ಆಹಾರ’ದ ಪಟ್ಟಿಯನ್ನೂ ಹೊರಡಿಸಿತು. ರೊಮೇನಿಯನ್ನರು ತಿನ್ನುವುದು ಅತಿಯಾಗಿದೆ ಅನ್ನುವುದು ಸರ್ಕಾರದ ವಾದ. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹಂದಿಯ ಕಾಲು. ಜನ ಅದಕ್ಕೆ ‘ದೇಶಭಕ್ತ’ ಅಂತ ಹೆಸರಿಟ್ಟರು. ಹಂದಿಯ ಮೈಯಲ್ಲಿ ದೇಶ ಬಿಟ್ಟು ಹೋಗದೆ ಉಳಿದದ್ದು ಅದೊಂದೇ ಅನ್ನುವ ಕುಹಕ.

ಮನೆಗಳ ಶಾಖ ಇಳಿಸಿದರು. ಚಳಿಗಾಲದಲ್ಲಿ ಅಪಾರ್ಟ್‌ಮೆಂಟುಗಳಲ್ಲಿ 12ರಿಂದ 14 ಡಿಗ್ರಿ ಸಿಕ್ಕರೆ ಪುಣ್ಯ. ಸಂಜೆ ಗ್ಯಾಸಿನ ಒತ್ತಡ ಇಲ್ಲದೆ ಒಲೆ ಉರಿಯುತ್ತಿರಲಿಲ್ಲ. ಅಡುಗೆ ಮಾಡಲು ಮಧ್ಯರಾತ್ರಿ ಎದ್ದವರಿದ್ದಾರೆ. ಕೋಣೆಗೆ 40 ವಾಟ್‌ನ ಬಲ್ಬು. 1985ರಿಂದ ಟಿವಿ ವಾರದ ದಿನಗಳಲ್ಲಿ ಎರಡು ಗಂಟೆ ಮಾತ್ರ, ಅದರಲ್ಲೂ ಅಧ್ಯಕ್ಷರ ಗುಣಗಾನ ಬೇರೆ. ಪೆಟ್ರೋಲಿಗೂ ತಿಂಗಳ ಮಿತಿ ಬಂತು. 1985ರ ಶರತ್ಕಾಲದಲ್ಲಿ ವಿದ್ಯುತ್ ಸ್ಥಾವರಗಳನ್ನು ಸೇನೆಯ ಕೈಗೆ ಕೊಟ್ಟರು.

ಇದರಲ್ಲಿ ವಿಚಿತ್ರ ಅಂದರೆ, ಮನೆಗಳು ಬಳಸುತ್ತಿದ್ದ ಕರೆಂಟು ಒಟ್ಟಿನಲ್ಲಿ ಸಣ್ಣ ಪಾಲು. ಸಿಂಹಪಾಲು ಕಾರ್ಖಾನೆಗಳದ್ದೇ, ಅದರಲ್ಲೂ ಸಾಲ ಮಾಡಿ ಕಟ್ಟಿದ ಉಕ್ಕು, ರಾಸಾಯನಿಕ ಸ್ಥಾವರಗಳದ್ದು. ಜನರನ್ನು ಎಷ್ಟು ನಡುಗಿಸಿದರೂ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ.

ಡಾಲರಿಗಾಗಿ ಇನ್ನೊಂದು ವ್ಯಾಪಾರವೂ ನಡೆಯಿತು. ರೊಮೇನಿಯಾದಲ್ಲಿ ಶತಮಾನಗಳಿಂದ ಇದ್ದ ಜರ್ಮನ್ ಸಮುದಾಯದವರು ದೇಶ ಬಿಡಲು ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ಹಣ ಕೊಡುತ್ತಿತ್ತು. ವರ್ಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಹಾಗೆ ಹೋದರು. ಹೋದವರಲ್ಲಿ ಕೆಲಸ ಬಲ್ಲವರು, ಓದಿದವರು ಬಹಳ. ಅರ್ಥಶಾಸ್ತ್ರದ ತಣ್ಣನೆ ಭಾಷೆಯಲ್ಲಿ ಇದೂ ‘ರಫ್ತು’ ಅಂತಲೇ ಆಗುತ್ತದೆ.

ಕಾರ್ಖಾನೆಯೊಳಗೆ

ಊಟಕ್ಕೆ ಬಿದ್ದ ಕತ್ತರಿ ಕಣ್ಣಿಗೆ ಕಾಣುತ್ತದೆ. ಉತ್ಪಾದನೆಗೆ ಬಿದ್ದ ಕತ್ತರಿ ಬೇಗ ಕಾಣುವುದಿಲ್ಲ. 1970ರ ದಶಕದ ಕಾರ್ಖಾನೆಗಳು ಪಶ್ಚಿಮದ ಪರವಾನಗಿ, ಪಶ್ಚಿಮದ ಯಂತ್ರಗಳ ಮೇಲೆ ನಿಂತಿದ್ದವು. ಅವಕ್ಕೆ ಬಿಡಿಭಾಗ ಬೇಕಾದರೆ ಡಾಲರ್ ಬೇಕು. ಡಾಲರ್ ಇಲ್ಲ. ಸ್ಥಳೀಯವಾಗಿ ಮಾಡಿದ ಭಾಗವನ್ನು ಹೇಗೋ ಕೂರಿಸಿ ಓಡಿಸಿದರು. ಒಂದು ಯಂತ್ರವನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರು. ಯಂತ್ರ ಓಡುತ್ತದೆ, ಆದರೆ ಸರಕಿನ ಗುಣಮಟ್ಟ ಇಳಿಯುತ್ತದೆ. ಗುಣಮಟ್ಟ ಇಳಿದರೆ ಪಶ್ಚಿಮದ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಮೊದಲಿನಷ್ಟೇ ಡಾಲರ್ ಬರಬೇಕಾದರೆ ಇನ್ನೂ ಜಾಸ್ತಿ ಸರಕು ಮಾರಬೇಕು. ಅದಕ್ಕೆ ಇನ್ನೂ ಜಾಸ್ತಿ ಕರೆಂಟು, ಕಚ್ಚಾ ಮಾಲು ಬೇಕು. ಸುತ್ತು ಹೀಗೇ ಬಿಗಿಯಾಗುತ್ತಾ ಹೋಯಿತು.

ಇದೇ ಹತ್ತು ವರ್ಷದಲ್ಲಿ ಹೊರಗೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದವು, ಎಲೆಕ್ಟ್ರಾನಿಕ್ಸ್ ಬದಲಾಯಿತು, ಕಡಿಮೆ ಇಂಧನದಲ್ಲಿ ಕೆಲಸ ಮಾಡುವ ಕುಲುಮೆಗಳು ಬಂದವು. ಇದರಲ್ಲಿ ಕೊನೆಯದು ರೊಮೇನಿಯಾಕ್ಕೆ ಎಲ್ಲಕ್ಕಿಂತ ಬೇಕಾಗಿತ್ತು. ಇಂಧನ ಉಳಿಸುವ ಯಂತ್ರ ತಂದಿದ್ದರೆ ಇಂಧನದ ಆಮದೇ ಕಡಿಮೆಯಾಗುತ್ತಿತ್ತು. ಆದರೆ ಅದಕ್ಕೆ ಮೊದಲು ಡಾಲರ್ ಹಾಕಬೇಕು, ಲಾಭ ಬರುವುದು ನಾಲ್ಕೈದು ವರ್ಷದ ಮೇಲೆ. ಕಂತು ಮಾತ್ರ ಈ ವರ್ಷವೇ ಕಟ್ಟಬೇಕು.

ಕಾರ್ಮಿಕರ ಸಂಬಳವನ್ನು ಯೋಜನೆಯ ಗುರಿಗೆ ಕಟ್ಟಿಹಾಕಿದ್ದರು. ಕಚ್ಚಾ ಮಾಲು ಬರದೆ ಗುರಿ ಮುಟ್ಟದಿದ್ದರೂ ಸಂಬಳ ಕಡಿತ. ಬ್ರಾಷೊವ್ ನಗರದ ‘ಕೆಂಬಾವುಟ’ ಹೆಸರಿನ ಟ್ರಕ್ ಕಾರ್ಖಾನೆಯಲ್ಲಿ 1987ರ ನವೆಂಬರ್ 15ರಂದು ಆದದ್ದು ಇದೇ. ಅವತ್ತು ಸ್ಥಳೀಯ ಚುನಾವಣೆ. ಸಂಬಳ ಕತ್ತರಿಸಿದ್ದಕ್ಕೆ ಸಿಟ್ಟಾದ ಕಾರ್ಮಿಕರು ಕೆಲಸ ಬಿಟ್ಟು ಮೆರವಣಿಗೆ ಹೊರಟರು. ದಾರಿಯಲ್ಲಿ ಜನ ಸೇರಿಕೊಂಡರು. ಪಕ್ಷದ ಕಚೇರಿಗೆ ನುಗ್ಗಿದವರಿಗೆ ಒಳಗೆ ಸಿಕ್ಕಿದ್ದು ಅಂಗಡಿಗಳಲ್ಲಿ ಕಾಣದ ಚೀಸು, ಕಿತ್ತಳೆ. ಸಾಲ ತೀರಿಸುವ ಭಾರ ಯಾರ ಮೇಲೆ ಬಿದ್ದಿದೆ ಅಂತ ಅವರಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಅದೇ ಕಾಲದಲ್ಲಿ ಚೌಷೆಸ್ಕು ಡ್ಯಾನ್ಯೂಬ್ ನದಿಯಿಂದ ಕಪ್ಪು ಸಮುದ್ರಕ್ಕೆ ಕಾಲುವೆ ತೋಡಿಸಿದ, 1984ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಅದೇ ವರ್ಷ ಬುಕಾರೆಸ್ಟ್‌ನಲ್ಲಿ ಒಂದು ದೈತ್ಯ ಅರಮನೆಯ ಕೆಲಸ ಆರಂಭವಾಯಿತು. ಬಂಡವಾಳ ಇಲ್ಲದಿದ್ದರೆ ಇವು ಹೇಗೆ ಆದವು? ಉತ್ತರ ಸರಳ. ಕಲ್ಲು, ಸಿಮೆಂಟು, ಕೂಲಿ ಎಲ್ಲ ಲೇಯಿಯಲ್ಲಿ ಸಿಗುತ್ತವೆ, ಡಾಲರ್ ಬೇಡ. ಕೊರತೆ ಇದ್ದದ್ದು ಡಾಲರ್ ಬೇಡುವ ಬಂಡವಾಳಕ್ಕೆ. ಹಾಗಾಗಿ ಬಂಡವಾಳದ ಒಟ್ಟು ಅಂಕಿ ನೋಡಿದರೆ ಮೋಸ ಹೋಗುತ್ತೇವೆ. ಅಮೃತಶಿಲೆಯ ಮೆಟ್ಟಿಲೂ ಬಂಡವಾಳವೇ, ಲೇತ್ ಯಂತ್ರವೂ ಬಂಡವಾಳವೇ. ಮುಂದೆ ಸರಕು ಹುಟ್ಟಿಸುವುದು ಎರಡನೆಯದು ಮಾತ್ರ.

ಅಂಕಿಗಳ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಸರ್ಕಾರದ ಲೆಕ್ಕದಲ್ಲಿ ರೊಮೇನಿಯಾ ದಶಕವಿಡೀ ಬೆಳೆಯುತ್ತಲೇ ಇತ್ತು. ಆ ಲೆಕ್ಕ ಎಷ್ಟು ನಂಬಬಹುದು? 1989ರಲ್ಲಿ 6 ಕೋಟಿ ಟನ್ ಧಾನ್ಯ ಬೆಳೆದಿದ್ದೇವೆ ಅಂತ ಸಾರಿದ್ದರು. ಸರ್ಕಾರ ಬಿದ್ದ ಮೇಲೆ ಎಣಿಸಿದರೆ ಅದರ ಮೂರನೇ ಒಂದು ಪಾಲೂ ಇರಲಿಲ್ಲ. ಹೊರಗಿನ ಅಂದಾಜುಗಳ ಪ್ರಕಾರ ದಶಕದ ಕೊನೆಗೆ ಬೆಳವಣಿಗೆ ನಿಂತೇ ಹೋಗಿತ್ತು. ನಾನು ಈ ಎರಡನೆಯ ಕಡೆಗೇ ವಾಲುತ್ತೇನೆ.

1989ರ ನಂತರ, ಮತ್ತು ಪೋಲೆಂಡ್

ಕ್ರಾಂತಿಯಾದ ಕೂಡಲೇ ಹೊಸ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆಹಾರದ ರಫ್ತು ನಿಲ್ಲಿಸಿದ್ದು. ಮನೆಗಳಿಗೆ ಶಾಖ, ಕರೆಂಟು ಬಂತು. ಹೊರಗಿನಿಂದ ತಿನ್ನುವ ಸಾಮಾನು ತರಿಸಿದರು. ಸಾಲ ಸೊನ್ನೆ, ಕೈಯಲ್ಲಿ ಸ್ವಲ್ಪ ಡಾಲರ್ ಮೀಸಲು ಬೇರೆ. ಪೂರ್ವ ಯೂರೋಪಿನಲ್ಲಿ ಇಷ್ಟು ಹಗುರಾಗಿ ಹೊಸ ವ್ಯವಸ್ಥೆಗೆ ಕಾಲಿಟ್ಟ ದೇಶ ಇನ್ನೊಂದಿಲ್ಲ ಅನ್ನಬಹುದಿತ್ತು. ಆದರೆ ಮೀಸಲು ಬೇಗ ಕರಗಿತು. ಉತ್ಪಾದನೆ 1990ರಲ್ಲಿ ಸುಮಾರು ಶೇ 6, 1991ರಲ್ಲಿ ಸುಮಾರು ಶೇ 13, 1992ರಲ್ಲಿ ಸುಮಾರು ಶೇ 9 ಕುಸಿಯಿತು. ಮೂರು ವರ್ಷದಲ್ಲಿ ನಾಲ್ಕನೇ ಒಂದು ಪಾಲು ಹೋಯಿತು.

ಇದೆಲ್ಲವನ್ನೂ ಸಾಲ ತೀರಿಸಿದ್ದರ ತಲೆಗೆ ಕಟ್ಟುವುದು ಸರಿಯಲ್ಲ. ಆ ವರ್ಷಗಳಲ್ಲಿ ಇಡೀ ಪೂರ್ವ ಯೂರೋಪ್ ಕುಸಿದಿತ್ತು. ಸೋವಿಯತ್ ಮಾರುಕಟ್ಟೆ ಕೈಬಿಟ್ಟಿತ್ತು, ಬೆಲೆಗಳನ್ನು ಬಿಡುಗಡೆ ಮಾಡಿದ್ದರಿಂದ ಗೊಂದಲ ಎದ್ದಿತ್ತು. ರೊಮೇನಿಯಾದ ಸುಧಾರಣೆಯೂ ತಡವರಿಸಿತು. ಅದಕ್ಕೇ ಪೋಲೆಂಡನ್ನು ಜೊತೆಗಿಟ್ಟು ನೋಡುವುದು ಉಪಯೋಗಕ್ಕೆ ಬರುತ್ತದೆ.

ಪೋಲೆಂಡ್ 1981ರಿಂದಲೇ ಸರಿಯಾಗಿ ಕಟ್ಟಲಿಲ್ಲ. ವಾಯಿದೆ ಮುಂದೂಡುತ್ತಾ ಹೋಯಿತು. ಬಡ್ಡಿ ಅಸಲಿಗೆ ಸೇರಿ 1989ಕ್ಕೆ ಅದರ ಸಾಲ 4,000 ಕೋಟಿ ಡಾಲರ್ ಮುಟ್ಟಿತ್ತು. 1991ರಲ್ಲಿ ಸಾಲ ಕೊಟ್ಟ ಸರ್ಕಾರಗಳು ಅದರ ಬಾಕಿಯ ಅರ್ಧದಷ್ಟನ್ನು ಮನ್ನಾ ಮಾಡಲು ಒಪ್ಪಿದವು. 1994ರಲ್ಲಿ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಪೋಲೆಂಡ್ 1989ರ ಉತ್ಪಾದನೆಯ ಮಟ್ಟಕ್ಕೆ 1990ರ ದಶಕದ ಮಧ್ಯದಲ್ಲೇ ಮರಳಿತು. ರೊಮೇನಿಯಾ ಮರಳಿದ್ದು ಹೊಸ ಶತಮಾನ ಶುರುವಾದ ಮೇಲೆ. ಪೂರ್ತಿ ಕಟ್ಟಿದವರಿಗೆ ಯಾರೂ ಏನೂ ಮನ್ನಾ ಮಾಡಲಿಲ್ಲ, ಮನ್ನಾ ಮಾಡಲು ಏನೂ ಉಳಿದಿರಲೂ ಇಲ್ಲ. ಹಾಗಂತ ಸಾಲ ಕಟ್ಟಬೇಡಿ ಅನ್ನುವ ತೀರ್ಮಾನಕ್ಕೆ ಓಡಬೇಕಿಲ್ಲ. ಪೋಲೆಂಡಿಗೆ ಮನ್ನಾ ಸಿಕ್ಕಿದ್ದರಲ್ಲಿ ರಾಜಕೀಯದ ಪಾಲು ದೊಡ್ಡದು. ಎಲ್ಲ ದೇಶಕ್ಕೂ ಅಂಥ ಅದೃಷ್ಟ ಇರುವುದಿಲ್ಲ. ಅದರ 1980ರ ದಶಕವೂ ಸುಖದ್ದೇನಲ್ಲ, ಅಲ್ಲೂ ರೇಷನ್ ಇತ್ತು, ಸರತಿ ಸಾಲುಗಳಿದ್ದವು.

ಅರ್ಥಶಾಸ್ತ್ರಜ್ಞರು 1980ರ ದಶಕದ ಕೊನೆಗೆ ‘ಸಾಲದ ಹೊರೆ’ಯ ಬಗ್ಗೆ ಬಹಳ ಚರ್ಚಿಸಿದರು. ತಲೆಯ ಮೇಲೆ ದೊಡ್ಡ ಸಾಲ ಇದ್ದರೆ, ಬೆಳೆದದ್ದೆಲ್ಲ ಸಾಲ ಕೊಟ್ಟವರಿಗೇ ಹೋಗುತ್ತದೆ ಅಂತ ಯಾರೂ ಬಂಡವಾಳ ಹಾಕುವುದಿಲ್ಲ, ಹಾಗಾಗಿ ಉತ್ಪಾದನೆ ಏಳುವುದಿಲ್ಲ ಅನ್ನುವುದು ವಾದದ ಸಾರ. ಲ್ಯಾಟಿನ್ ಅಮೆರಿಕಕ್ಕೆ ಅದು ಒಪ್ಪುತ್ತದೆ. ರೊಮೇನಿಯಾ ಅದಕ್ಕೆ ಒಂದು ಅಡಿಟಿಪ್ಪಣಿ ಸೇರಿಸುತ್ತದೆ: ಸಾಲದ ಮೊತ್ತ ವರ್ಷವರ್ಷ ಇಳಿಯುತ್ತಿದ್ದಾಗಲೂ ಉತ್ಪಾದನೆ ಏಳಲಿಲ್ಲ. ಯಾಕೆಂದರೆ ಪೆಟ್ಟು ಬಿದ್ದದ್ದು ಉಳಿದ ಸಾಲದಿಂದಲ್ಲ, ತೀರಿಸಿದ ರೀತಿಯಿಂದ.

ನಿಧಾನವಾಗಿ ಕಟ್ಟಿದ್ದರೆ?

ಇದು ಸುಮ್ನೆ ಕಲ್ಪನೆಯ ಪ್ರಶ್ನೆಯಲ್ಲ, ಆ ಕಾಲದ ಅಂಕಿಗಳಲ್ಲೇ ಉತ್ತರದ ಸುಳಿವಿದೆ. 1981ರ ಬಡ್ಡಿಯಲ್ಲಿ ಸಾಲ ಬೇಗ ತೀರಿಸಬೇಕು ಅನ್ನಿಸುವುದು ಸಹಜ. ಆದರೆ ದಶಕದ ಮಧ್ಯಕ್ಕೆ ಆ ದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. 1986ರಲ್ಲಿ ಕಚ್ಚಾ ತೈಲದ ಬೆಲೆಯೂ ಕುಸಿಯಿತು. ಅದರಿಂದ ರೊಮೇನಿಯಾದ ಪೆಟ್ರೋಲ್ ರಫ್ತಿಗೆ ಪೆಟ್ಟು ಬಿತ್ತು, ನಿಜ. ಆಮದಿನ ಬಿಲ್ಲೂ ಇಳಿಯಿತು. ಅಂದರೆ ಸಾಲವನ್ನು ಇಟ್ಟುಕೊಂಡಿರುವುದು ಅಗ್ಗವಾಗುತ್ತಾ ಬಂದ ವರ್ಷಗಳಲ್ಲೇ ಚೌಷೆಸ್ಕು ತೀರಿಸುವ ವೇಗ ಕಡಿಮೆ ಮಾಡಲಿಲ್ಲ. ಡಾಲರ್ ಉಳಿತಾಯ ದಶಕದಲ್ಲೇ ಅತಿ ಹೆಚ್ಚು ಬಂದದ್ದು ಅದರ ಕೊನೆಯಲ್ಲಿ, 1988ರಲ್ಲಿ.

ಆ ಕೊನೆಯ ಎರಡು ಮೂರು ವರ್ಷದ ಉಳಿತಾಯದಲ್ಲಿ ಅರ್ಧವನ್ನಾದರೂ ಬಿಡಿಭಾಗ, ಇಂಧನ ಉಳಿಸುವ ಯಂತ್ರಗಳಿಗೆ ಹಾಕಿದ್ದರೆ 1990ಕ್ಕೆ ಇನ್ನೂ ಒಂದಿಷ್ಟು ಸಾಲ ಉಳಿದಿರುತ್ತಿತ್ತು. ಆ ಮಟ್ಟದ ಸಾಲ ಪಕ್ಕದ ಹಂಗೇರಿ ಹೊತ್ತಿದ್ದರ ಮುಂದೆ ಸಣ್ಣದು. ಕಾರ್ಖಾನೆಗಳು ಹೊಸ ಮಾರುಕಟ್ಟೆಗೆ ಸ್ವಲ್ಪವಾದರೂ ತಯಾರಿರುತ್ತಿದ್ದವು. ಆದದ್ದು ಬೇರೆ. ಸಾಲ ನಿಷೇಧಿಸುವ ಕಾನೂನು ಬಂದು ಎರಡು ವರ್ಷ ಆಗುತ್ತಿದ್ದಂತೆ, 1991ರ ಏಪ್ರಿಲ್‌ನಲ್ಲಿ, ರೊಮೇನಿಯಾ ಐಎಂಎಫ್ ಜೊತೆ ಹೊಸ ಸಾಲದ ಒಪ್ಪಂದ ಮಾಡಿಕೊಂಡಿತು. ತರಿಸಬೇಕಾದ ಪಟ್ಟಿಯಲ್ಲಿ ಇಂಧನ, ಕಚ್ಚಾ ಮಾಲು, ಬಿಡಿಭಾಗಗಳೇ ಇದ್ದವು.